ಎಂಟಾಣೆಯ ಆಟಗಾರರು

ಮನೋರಮಾ ಅಕ್ಕೋರು ಸಿಗರೇಟು ಸೇದುತ್ತಾರಂತೆ ಎಂಬ ಸುದ್ದಿ ಹಾನಗಲ್ಲಿನಲ್ಲಿ ಹುಟ್ಟಿದ್ದು ಮೋಟಾರ್ ಸ್ಟ್ಯಾಂಡಿನ ಎದುರು, ಮಲ್ಲಿಕಸಾಬನ ಅಂಗಡಿಯ ಮುಂದೆ, ಮಟಮಟ ಮಧ್ಯಾಹ್ನದಲ್ಲಿ.

ಯುರೋಪಿನಲ್ಲಿ ಯುದ್ಧ ಶುರುವಾಗುವುದಕ್ಕೆ ಕೆಲವೇ ತಿಂಗಳು ಮೊದಲಿನ ಬೇಸಿಗೆ ಅದು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಮನೆಗೆ ಹೊರಟಿದ್ದ ಮನೋರಮಾ ಅಂಗಡಿಯ ಮುಂದೆ ಕೊಡೆ ಮಡಿಸಿದಳು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದಳು:

"ಒಂದು ದುರ್ಬೀನ್ ಸಿಗರೇಟ್ ಪಾಕೀಟು ಕೊಡ್ರಿ."

ಆಗಷ್ಟೇ ಸವಣೂರಿನ ಮೋಟಾರಿನಿಂದ ಇಳಿದ ಒಬ್ಬ ತರುಣ ಈ ಮಾತು ಕೇಳಿ ಅಲ್ಲೇ ನಿಂತ. ಕರಿ ಟೊಪ್ಪಿಗೆ, ಧೂಳು ಹಿಡಿದ ಕೋಟು, ಕೈಯಲ್ಲಿ ದೊಡ್ಡ ಚರ್ಮದ ಚೀಲ. ಅವನ ಮುಖದ ಮೇಲೆ ಎಂಥ ಸಂತೋಷ ಮೂಡಿತೆಂದರೆ, ಕಳೆದುಹೋದ ನೆಂಟರು ಸಿಕ್ಕರೂ ಅಷ್ಟು ಮೂಡಲಿಕ್ಕಿಲ್ಲ.

"ನೀವು ನಮ್ಮ ಕಂಪನಿ ಗಿರಾಕಿ ಏನ್ರಿ? ಭಾಳ ಛಲೋ ಆತು!" ಎಂದ ದೊಡ್ಡ ದನಿಯಲ್ಲಿ. "ಆದ್ರ ದುರ್ಬೀನ್ ಹೆಂಗಸರಿಗೆ ಸ್ವಲ್ಪ ಕಡಕ್ ಆಗ್ತದ್ರಿ. ಹೊಸಾದು ಚಾಂದನಿ ಅಂತ ಬಂದದ. ಸೌಮ್ಯ. ಒಂದೀಟೂ ಕೆಮ್ಮು ಬರೂದಿಲ್ಲ."

ಮೋಟಾರಿಗೆ ಕಾಯುತ್ತ ಕುಳಿತಿದ್ದ ಹೆಂಗಸರು ಒಮ್ಮೆಲೇ ಇತ್ತ ತಿರುಗಿದರು.

"ನಾ ಸಿಗರೇಟು ಸೇದೂದಿಲ್ಲ!" ಎಂದಳು ಮನೋರಮಾ. ಅದನ್ನು ಹೇಳಿದ ಜೋರಿಗೆ, ಅಷ್ಟು ಹೊತ್ತು ಏನೂ ಕೇಳಿಸಿಕೊಳ್ಳದವರೂ ಕೇಳಿಸಿಕೊಂಡರು.

ಮಲ್ಲಿಕಸಾಬ ಎಲೆಗೆ ಸುಣ್ಣ ಹಚ್ಚುತ್ತ ನಕ್ಕುಬಿಟ್ಟ. "ಅನಂತರಾಯರ, ಇವರು ಸಾಲಿ ಅಕ್ಕೋರು ಅದಾರ್ರಿ. ಇವರಿಗೆ ಸಿಗರೇಟ್ ಬ್ಯಾಡ, ಒಳಗಿನ ಕಾರ್ಡ್ ಬೇಕು."

ಮನೋರಮಾ ಪಾಕೀಟು ಬಿಚ್ಚಿದಳು. ಸಿಗರೇಟುಗಳ ಹಿಂದೆ ಅಡಗಿದ್ದ ಸಣ್ಣ ಬಣ್ಣದ ಕಾರ್ಡನ್ನು ಬೆರಳ ತುದಿಯಿಂದ ಎಳೆದು, ಬರೀ ಸಿಗರೇಟಿದ್ದ ಪಾಕೀಟನ್ನು ಅಂಗಡಿಯ ಹಲಗೆಯ ಮೇಲಿಟ್ಟಳು. ಕಾರ್ಡಿನ ಮೇಲೆ ಬಿಳಿ ಬಟ್ಟೆಯ ಒಬ್ಬ ಬೌಲರ್ ಕೈ ಎತ್ತಿ ನಿಂತಿದ್ದ. ಅವಳ ಸಿಟ್ಟಿನ ಮುಖ ಒಂದು ಕ್ಷಣ ಅರಳಿತು. ಆ ಅರಳಿದ್ದು ತನಗಲ್ಲ ಎಂದು ಗೊತ್ತಿದ್ದರೂ ಅನಂತ ಅದನ್ನು ಬಾಯಿ ತೆರೆದುಕೊಂಡು ನೋಡಿದ.

"ತಪ್ಪಾತ್ರಿ, ಅಕ್ಕೋರ," ಎಂದ. ಅವನ ಕಿವಿಗಳು ಕೆಂಪಗಾಗಿದ್ದವು.

ಅವಳು ಕೊಡೆ ಬಿಚ್ಚಿ ಹೊರಟೇಬಿಟ್ಟಳು.

ಕ್ರಿಕೆಟ್ ಅವಳಿಗೆ ಅಪ್ಪ ಬಿಟ್ಟುಹೋದ ಆಸ್ತಿ. ಜಯತೀರ್ಥ ಮಾಸ್ತರರು ಧಾರವಾಡದಲ್ಲಿದ್ದಾಗ ಮುಂಬಯಿ ಪತ್ರಿಕೆಯಲ್ಲಿ ಆಟದ ಸುದ್ದಿ ಓದಿ, ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆದು, ಹುಣಸೆಬೀಜಗಳನ್ನು ಆಟಗಾರರ ಹಾಗೆ ನಿಲ್ಲಿಸಿ ಮಗಳಿಗೆ ಪೂರ್ತಿ ಆಟ ತೋರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವಳು ಮಾಸ್ತರಿಕೆಯ ಪರೀಕ್ಷೆ ಪಾಸಾಗಿ ಹಾನಗಲ್ಲಿಗೆ ಬಂದಳು. ಜೊತೆಗೆ ತಾಯಿಯ ತಂಗಿ, ವಿಧವೆ ಮಾವಶಿ ಕೃಷ್ಣಾಬಾಯಿ. ಇಬ್ಬರಿಗೂ ಇದ್ದದ್ದು ಮನೋರಮಾಳ ಪಗಾರ ಒಂದೇ.

ಹಾನಗಲ್ಲಿಗೆ ಬಂದ ಹೊಸತರಲ್ಲಿ ಒಂದು ದಿನ ಮೋಟಾರ್ ಸ್ಟ್ಯಾಂಡಿನ ಧೂಳಿನಲ್ಲಿ ಯಾರೋ ಬಿಸಾಡಿದ್ದ ಕಾರ್ಡೊಂದು ಅವಳಿಗೆ ಸಿಕ್ಕಿತು. ಬ್ಯಾಟು ಹಿಡಿದ ಆಟಗಾರ. ಅಪ್ಪನ ಹುಣಸೆಬೀಜಕ್ಕೆ ಮುಖ ಮೂಡಿದ ಹಾಗಾಯಿತು. ಇಂಥವು ಒಟ್ಟು ಐವತ್ತು ಇವೆ ಎಂದು ಮಲ್ಲಿಕಸಾಬ ಹೇಳಿದ್ದೇ ತಡ, ಆ ತಿಂಗಳು ಅವಳು ಕೈಗೆ ಬಂದಷ್ಟು ಪಾಕೀಟು ಕೊಂಡಳು.

ತಿಂಗಳ ಕೊನೆಗೆ ಮನೆಯಲ್ಲಿ ದೀಪದ ಎಣ್ಣೆ ತೀರಿತು. ಸಂಜೆ ಮನೆಗೆ ಬಂದರೆ ಮಾವಶಿ ಕತ್ತಲೆಯಲ್ಲಿ ಕುಳಿತು ಸ್ತೋತ್ರ ಹೇಳುತ್ತಿದ್ದಳು. "ನನಗ ಬಾಯಿಪಾಠ ಅದ, ದೀಪ ಯಾಕ ಬೇಕು," ಎಂದಳೇ ಹೊರತು ಬೇರೆ ಮಾತಿಲ್ಲ. ಬೈದಿದ್ದರೆ ಮನೋರಮಾ ಮರೆತುಬಿಡುತ್ತಿದ್ದಳೇನೋ. ಬೈಯದ ಮಾವಶಿಯ ಕತ್ತಲೆ ಅವಳ ಎದೆಯಲ್ಲಿ ಕೂತುಬಿಟ್ಟಿತು. ಅಂದೇ ಆಣೆ ಮಾಡಿಕೊಂಡಳು: ಇನ್ನು ಕಾರ್ಡಿಗೆ ತಿಂಗಳಿಗೆ ಎಂಟಾಣೆ. ಮೇಲೆ ಒಂದು ಕಾಸೂ ಇಲ್ಲ.

ಮಲ್ಲಿಕಸಾಬ ಸಿಗರೇಟನ್ನು ವಾಪಸು ತೆಗೆದುಕೊಂಡು ಬಿಡಿಯಾಗಿ ಮಾರುತ್ತಿದ್ದುದರಿಂದ ಎಂಟಾಣೆಗೆ ಒಂದಿಷ್ಟು ಪಾಕೀಟು ಬಿಚ್ಚಲು ಆಗುತ್ತಿತ್ತು. ಹಣ ಮುಗಿದ ಮೇಲೆ ಅವಳು ಆ ಬೀದಿಯನ್ನೇ ಬಿಟ್ಟು, ಕೆರೆಯ ದಾರಿಯಿಂದ ಸುತ್ತಿ ಮನೆಗೆ ಹೋಗುತ್ತಿದ್ದಳು. ಅಂಗಡಿ ಕಂಡರೆ ಮನಸ್ಸು ಕೆಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಅಂಗಡಿಯ ಎದುರಿನ ಆ ಅವಾಂತರದ ಮರುತಿಂಗಳ ಕೊನೆಯಲ್ಲಿ, ಅದೇ ಕೆರೆಯ ದಾರಿಯಲ್ಲಿ, ಅನಂತ ಎದುರಾದ. ದುರ್ಬೀನ್ ಕಂಪನಿಯ ಮಾಲು ಮಾರುತ್ತ ಸವಣೂರು, ಶಿಗ್ಗಾವಿ, ಹಾನಗಲ್, ಹಿರೇಕೆರೂರು ಎಂದು ಸುತ್ತುವುದು ಅವನ ಕೆಲಸ. ಹಾನಗಲ್ಲಿನ ಸರದಿ ತಿಂಗಳ ಕೊನೆಗೆ.

"ಅವತ್ತಿನ ತಪ್ಪಿಗೆ," ಎಂದು ಅವನು ನಾಲ್ಕೈದು ಕಾರ್ಡು ಮುಂದೆ ಹಿಡಿದ. "ಅಂಗಡಿಯವರು ಬಿಚ್ಚಿ ಮಾರೋ ಪಾಕೀಟಿನವು. ಹಂಗ ಬಿದ್ದಿರ್ತಾವ."

ಒಂದನ್ನು ಕಂಡು ಅವಳ ಕೈ ತಾನಾಗಿ ಮುಂದೆ ಹೋಯಿತು. ಎಡಗೈ ಬೌಲರ್. ಅದು ಅವಳ ಹತ್ತಿರ ಇರಲಿಲ್ಲ. ಆದರೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ್ರಿ. ಈ ತಿಂಗಳ ಎಂಟಾಣೆ ಮುಗದದ."

"ಇವಕ್ಕ ರೊಕ್ಕ ಇಲ್ಲರಿ."

"ಪುಕ್ಕಟೆ ತಗೊಂಡ್ರ ನಾ ಹಾಕ್ಕೊಂಡ ಗೆರಿ ಅಳಿಸಿದಂಗ. ಇವತ್ತು ಪುಕ್ಕಟೆ ತಗೋತೇನಿ, ನಾಳೆ ಸಾಲ ತಗೋತೇನಿ."

ಅವನು ಗೆರೆಯ ಕತೆ ಕೇಳಿದ. ಅವಳು ಯಾಕೆ ಹೇಳಿದಳೋ ಅವಳಿಗೇ ತಿಳಿಯದು. ದೀಪದ ಎಣ್ಣೆಯನ್ನೂ, ಮಾವಶಿಯ ಬಾಯಿಪಾಠವನ್ನೂ ಹೇಳಿಬಿಟ್ಟಳು. ಅವನು ಪಾಠಕ್ಕೆ ಕುಳಿತ ಶಿಷ್ಯನಂತೆ ತಲೆ ಬಾಗಿಸಿ ಕೇಳಿದ. ಆಮೇಲೆ ಹುಬ್ಬು ಗಂಟುಹಾಕಿ ಕೈಯಲ್ಲಿನ ಕಾರ್ಡುಗಳನ್ನು ಎಣಿಸಿದ.

"ನಿಮ್ಮ ಹತ್ರ ಒಂದೇ ಮುಖದ್ದು ಎರಡೆರಡು ಇರಬೇಕಲ್ರಿ?"

"ಅದಾವ್ರಿ."

"ಅದರಾಗಿಂದು ಒಂದು ನನಗ ಕೊಡ್ರಿ, ನನ್ನದೊಂದು ನೀವು ತಗೋರಿ. ಬದಲಿ. ರೊಕ್ಕ ಇಲ್ಲ, ಪುಕ್ಕಟೇನೂ ಅಲ್ಲ."

ಅವಳು ಇದರಲ್ಲಿ ತಪ್ಪು ಹುಡುಕಿದಳು. ಸಿಗಲಿಲ್ಲ. ಸಿಗದಿದ್ದುದಕ್ಕೆ ಅಷ್ಟು ಖುಷಿ ಯಾಕಾಯಿತು ಎಂಬುದೂ ತಿಳಿಯಲಿಲ್ಲ.

ಅಂದಿನಿಂದ ತಿಂಗಳ ಕೊನೆಗೆ ಬದಲಿ ವ್ಯಾಪಾರ ಶುರುವಾಯಿತು. ಮಲ್ಲಿಕಸಾಬನ ಅಂಗಡಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ, ಊರಿಗೆಲ್ಲ ಕಾಣುವ ಹಾಗೆ, ನಡುವೆ ಅವನ ಚರ್ಮದ ಚೀಲ ಇಟ್ಟುಕೊಂಡು ಕೂರುತ್ತಿದ್ದರು. ಚೀಲದ ಮೇಲೆ ಕಾರ್ಡುಗಳ ಸಾಲು. ಅವಳು ಬಗ್ಗಿ ಆರಿಸುವಾಗ ಅವನು ಕಾರ್ಡು ನೋಡುತ್ತಿರುವ ಹಾಗೆ ಮಾಡುತ್ತಿದ್ದ. ಅವಳು ತಲೆಯೆತ್ತಿದರೆ ಅವನ ಕಣ್ಣು ಗಡಿಬಿಡಿಯಿಂದ ಮೋಟಾರಿನ ಗಾಲಿಯ ಕಡೆಗೋ, ಬೇವಿನ ಮರದ ಕಡೆಗೋ ಓಡುತ್ತಿತ್ತು. ಒಮ್ಮೆ ಓಡಲು ತಡವಾಯಿತು. ಆ ಒಂದು ನೋಟವನ್ನು ಮನೋರಮಾ ಮನೆಗೆ ಒಯ್ದು, ಅನ್ನಕ್ಕೆ ಎಸರಿಡುವಾಗ, ಮಕ್ಕಳ ಪಾಟಿ ತಿದ್ದುವಾಗ, ತಲೆ ಬಾಚುವಾಗ ಮತ್ತೆ ಮತ್ತೆ ತೆಗೆದು ನೋಡಿದಳು.

ಆದರೆ ಬದಲಿಯಲ್ಲಿ ಏನೋ ಸರಿ ಇರಲಿಲ್ಲ. ಅವನು ಕೊಡುತ್ತಿದ್ದುದು ಹೊಸ ಹೊಸ ಮುಖ, ಗರಿಗರಿ ಕಾರ್ಡು. ತೆಗೆದುಕೊಳ್ಳುತ್ತಿದ್ದುದು ಮೂಲೆ ಮಡಚಿದ್ದು, ಎಣ್ಣೆ ಹತ್ತಿದ್ದು. ಒಂದು ಸಲ ವಿಕೆಟ್ ಕೀಪರನ ಕಾರ್ಡನ್ನು ಹಿಡಿದು ಬಹಳ ಮರುಕದಿಂದ ಕೇಳಿದ:

"ಪಾಪ, ಇವನ ಕೈ ಯಾಕ ಹಿಂಗ ಬಾತಾವ್ರಿ?"

"ಅದು ಕೈಗವಸು!" ಮನೋರಮಾ ಬಾಯಿಗೆ ಸೆರಗು ಒತ್ತಿ ನಕ್ಕಳು. ನಗು ನಿಂತ ಮೇಲೆ ದಿಗಿಲಾಯಿತು. "ಅಂದ್ರ ನಿಮಗ ಆಟ ಗೊತ್ತಿಲ್ಲ?"

"ಇಲ್ಲರಿ."

"ಮತ್ತ ಕಾರ್ಡ್ ಯಾಕ ಕೂಡಸ್ತೀರಿ?"

ಅವನು ಚೀಲದ ಪಟ್ಟಿಯನ್ನು ಬಿಚ್ಚಿ ಮತ್ತೆ ಹಾಕಿದ. "ಕಂಪನಿ ಕೆಲಸ ಅಲ್ರಿ. ಗಿರಾಕಿ ಖುಷಿ ಇರಬೇಕು."

ಮನೆಗೆ ನಡೆಯುವಾಗ ಆ ಮಾತು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚಿತು. ಗಿರಾಕಿ. ಹಾಗಾದರೆ ಆ ತಡವಾದ ನೋಟವೂ ವ್ಯಾಪಾರವೇ? ಶಿಗ್ಗಾವಿಯಲ್ಲಿ, ಹಿರೇಕೆರೂರಿನಲ್ಲಿ ಇನ್ನೂ ಎಷ್ಟು ಗಿರಾಕಿಗಳೋ, ಎಷ್ಟು ನೋಟಗಳೋ! ಸಿಟ್ಟು ಬಂದದ್ದು ಅವನ ಮೇಲೋ ತನ್ನ ಮೇಲೋ ಗೊತ್ತಾಗಲಿಲ್ಲ.

ಮಳೆಯ ಜೋರು ಇಳಿಯುವ ಹೊತ್ತಿಗೆ ಇನ್ನೊಂದು ಗೊಂದಲ. ಊರಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಅವಳನ್ನು ಕರೆಯುವುದು ಅಕ್ಕೋರು ಎಂದೇ. ಅನಂತ ಮಾತ್ರ ಹಾಗೆ ಕರೆಯುವುದನ್ನು ಬಿಟ್ಟಿದ್ದ. ಯಾವ ಹೆಂಗಸಿಗೂ ಮರ್ಯಾದೆಗೆ ಅನ್ನುವ ಹಾಗೆ 'ಬಾಯಾರ' ಎನ್ನುತ್ತಿದ್ದ, ಇಲ್ಲವೇ ಬರೀ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಎಲ್ಲಾರೂ ಅಕ್ಕೋರ ಅಂತಾರ. ನಿಮಗೇನಾತು?" ಎಂದು ಕೇಳಿಯೇಬಿಟ್ಟಳು.

"ಮೊದಲ ದಿನ ಅಂದೆ. ಅವತ್ತು ಅಂದದ್ದೇ ಸಾಕಾತು."

"ಯಾಕ್ರಿ? ಅಕ್ಕೋರ ಅಂದ್ರ ಮರ್ಯಾದಿ ಅಲ್ಲೇನು?"

"ಮರ್ಯಾದಿ ಎಷ್ಟ ಬೇಕಾದ್ರೂ ಕೊಡ್ತೇನ್ರಿ." ಅವನ ಕಿವಿಗಳು ಮತ್ತೆ ಕೆಂಪಗಾದವು. "ಅದರಾಗ ಅಕ್ಕ ಅದಾಳಲ್ರಿ, ಅದೊಂದು ನನ್ನ ಬಾಯಾಗ ಬರೂದಿಲ್ಲ."

ಮೋಟಾರಿನ ಹಾರ್ನ್ ಕೂಗಿತು. ಅವನು ಚೀಲ ಎತ್ತಿಕೊಂಡು ಓಡಿದ. ಮನೋರಮಾ ಕಟ್ಟೆಯ ಮೇಲೆ ಕುಳಿತೇ ಇದ್ದಳು. ಒಬ್ಬ ಬ್ಯಾಟ್ಸ್‌ಮನ್ ಅವಳ ತೊಡೆಯ ಮೇಲೆ ತಲೆಕೆಳಗಾಗಿ ಬಿದ್ದಿದ್ದ. ಗಿರಾಕಿಗೆ ಯಾರಾದರೂ ಇಂಥ ಮಾತು ಹೇಳುತ್ತಾರೆಯೇ?

ಅದೇ ವಾರ ಕೃಷ್ಣಾಬಾಯಿ ಬಾವಿಯಿಂದ ಬರಿಗೊಡ ತಂದಳು. ನೀರು ಸೇದುವ ಮೊದಲೇ ಮಾತು ಕೇಳಿ ತಿರುಗಿ ಬಂದಿದ್ದಳು.

"ಮನೂ, ನೀ ಸಿಗರೇಟು ಸೇದತೀ ಅಂತ ಅಂದ್ರು. ನಕ್ಕೆ. ಸಿಗರೇಟು ಮಾರೋ ಹುಡುಗನ ಕೂಡ ಕಟ್ಟೀ ಮ್ಯಾಲೆ ಕೂಡತೀ ಅಂದ್ರು. ಅದಕ್ಕ ಏನನ್ನಲಿ?"

"ಕಾರ್ಡಿನ ಸಲುವಾಗಿ, ಮಾವಶಿ."

"ಬರೇ ಕಾರ್ಡಿನ ಸಲುವಾಗೇನು?"

ಮನೋರಮಾ ಬರಿಗೊಡ ತೆಗೆದುಕೊಳ್ಳಲು ಕೈ ಚಾಚಿದಳು. ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಅದರ ಮುಂದೆ ಏನು ಹೇಳಬೇಕೆಂದು ಗೊತ್ತಿಲ್ಲ. ಮಾವಶಿ ಕೊಡ ಕೆಳಗಿಟ್ಟಳು.

"ಶಾಲಿ ತಪಾಸಣಿ ಮಾಡೋ ಸಾಹೇಬರ ಕಿವಿಗೆ ಹೋದ್ರ ನಿನ್ನ ನೌಕರಿ ಏನಾದೀತು ಅದನ್ನ ನೋಡು. ಉಳಿದದ್ದು ನಾ ಕೇಳೂದಿಲ್ಲ."

ಮರುತಿಂಗಳ ಕೊನೆಗೆ ಅನಂತ ಬಂದಾಗ ಅವಳು ಕಟ್ಟೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು. "ಇನ್ನ ಬದಲಿ ಸಾಕ್ರಿ. ನೀವು ಸಿಗರೇಟು ಮಾರವರು, ನಾ ಮಕ್ಕಳಿಗೆ ಕಲಸಾಕಿ. ಮಂದಿ ಮಾತಾಡ್ತಾರ. ನನ್ನ ಸಲುವಾಗಿ ಇತ್ತ ಬರಬ್ಯಾಡ್ರಿ."

ಅವನು ಯಾಕೆ ಎನ್ನಬಹುದಿತ್ತು. ಬರ್ತೇನಿ, ಏನ ಮಾಡ್ತೀರಿ ಎನ್ನಬಹುದಿತ್ತು. ಹಾಗೆ ಅನ್ನಲಿ ಎಂದು ಅವಳ ಒಳಗೆ ಯಾರೋ ಕಾಯುತ್ತಿದ್ದರು.

"ಆಗ್ಲಿರಿ," ಎಂದ ಅನಂತ. ಚೀಲದಿಂದ ತೆಗೆದ ಕಾರ್ಡುಗಳನ್ನು ಹಾಗೇ ಒಳಗಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು ಮೋಟಾರು ಹತ್ತಿದ. ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ.

ಮನೋರಮಾ ಮನೆಗೆ ಬಂದು, ತಾನು ಹೇಳಿದಂತೆಯೇ ನಡೆದದ್ದಕ್ಕೆ, ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಳು.

ಯುದ್ಧದ ಸುದ್ದಿ ಮೋಟಾರುಗಳ ಜೊತೆ ಬರತೊಡಗಿತು. ಅನಂತ ಬರಲಿಲ್ಲ. ಬೇರೆ ಯಾರೋ ದಪ್ಪ ಮೀಸೆಯವನು ದುರ್ಬೀನ್ ಮಾಲು ತಂದು ಹಾಕಿ ಹೋದ. ಹೊಸ ವರ್ಷ ಬಂದು ಬಿಸಿಲು ಏರತೊಡಗಿದ ಒಂದು ದಿನ ಅವಳು ಪಾಕೀಟು ಬಿಚ್ಚಿದಳು. ಒಳಗೆ ಕಾರ್ಡು ಇರಲಿಲ್ಲ. ಇನ್ನೊಂದು ಬಿಚ್ಚಿದಳು. ಅದರಲ್ಲೂ ಇಲ್ಲ.

"ಕಾರ್ಡ್ ಬಂದ್ ಆದ್ವಂತ್ರಿ ಅಕ್ಕೋರ," ಎಂದ ಮಲ್ಲಿಕಸಾಬ. "ಲಡಾಯಿ ಅಲ್ರಿ, ಕಾಗದಕ್ಕ ತ್ರಾಸ ಆಗಾಕತ್ತೈತಿ. ಇನ್ನ ಬರಂಗಿಲ್ಲ."

ಐವತ್ತಕ್ಕೆ ಇನ್ನೂ ಏಳು ಬಾಕಿ ಇದ್ದವು. ಅವು ಇನ್ನೆಂದೂ ಬರುವುದಿಲ್ಲ. ಅವಳು ಅದಕ್ಕಾಗಿ ದುಃಖಪಡಲು ನೋಡಿದಳು. ವಿಚಿತ್ರವೆಂದರೆ ಮನಸ್ಸು ಆ ಏಳು ಆಟಗಾರರ ಕಡೆ ಹೋಗಲೇ ಇಲ್ಲ.

"ಮಲ್ಲಿಕಸಾಬ, ಮೊದಲು ಬರ್ತಿದ್ದ ಅವರು..." ಎಂದು ಎಲೆಯ ಬುಟ್ಟಿಯನ್ನು ನೋಡುತ್ತ ಕೇಳಿದಳು.

"ಅನಂತರಾಯರ? ಅವರು ಆಗಿಂದಾಗ ನೌಕರಿ ಬಿಟ್ಟ್ರಲ್ರಿ! ಹಿರೇಕೆರೂರಾಗ ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ಗುಮಾಸ್ತರಾಗಿ ಕುಂತಾರ. ಪಗಾರ ಅರ್ಧಕ್ಕರ್ಧ ಕಡಿಮಿ. ಅಲ್ಲಿ ಸಂತಿಗೆ ಹೋದಾಗ ಯಾಕ ಬಿಟ್ರಿ ಅಂತ ಕೇಳಿದೆ. ಸಿಗರೇಟ್ ಮಾರವರ ಕೂಡ ಮಂದಿ ಮಾತಾಡಂಗಿಲ್ಲ ಅಂದ್ರು." ಅವನು ಅವಳನ್ನು ಒಂದು ಸಲ ನೋಡಿ, ಮತ್ತೆ ಎಲೆ ಜೋಡಿಸತೊಡಗಿದ. "ಯಾ ಮಂದಿ ಅಂತ ನಾ ಕೇಳಲಿಲ್ಲ."

ಮರುದಿನ ಶಾಲೆಗೆ ಸೂಟಿ. ಬೆಳಿಗ್ಗೆ ಅವಳು ಸೀರೆ ಉಟ್ಟು ತಯಾರಾದಳು.

"ಹಿರೇಕೆರೂರಿಗೆ ಹೋಗಿ ಸಂಜೀಕ ಬರ್ತೇನಿ, ಮಾವಶಿ."

"ಯಾಕ?"

"ಗೊತ್ತಿಲ್ಲ."

ಕೃಷ್ಣಾಬಾಯಿ ಮಗಳಂಥ ಆ ಹುಡುಗಿಯ ಮುಖವನ್ನು ನೋಡಿದಳು. ಒಳಗೆ ಹೋಗಿ ಹಚ್ಚಿದ ಅವಲಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಳು. "ತಗೋ. ಯಾಕ ಹೊಂಟೇನಿ ಅಂತ ಗೊತ್ತಿಲ್ಲದಾಗ ಬರೇ ಹೊಟ್ಟೀಲೆ ಹೋಗಬಾರದು."

ಹಿರೇಕೆರೂರಿನ ದಲಾಲಿ ಅಂಗಡಿ ದೂರದಿಂದಲೇ ಗುರುತು ಸಿಕ್ಕಿತು. ಬೀದಿಯಲ್ಲಿ ನಡೆಯುವವರೆಲ್ಲ ಸೀನುತ್ತಿದ್ದರು. ಅಂಗಳದ ತುಂಬ ಒಣಮೆಣಸಿನಕಾಯಿಯ ಕೆಂಪು ರಾಶಿಗಳು. ಅವುಗಳ ನಡುವೆ ಮೂಗಿಗೆ ವಸ್ತ್ರ ಕಟ್ಟಿಕೊಂಡು, ತಕ್ಕಡಿಯ ಮುಂದೆ ಅನಂತ ನಿಂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ತೂಕದ ಕಲ್ಲನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡ.

"ಬಾಯಾರ, ನೀವಿಲ್ಲಿ... ಆ... ಅಕ್ಷೀ!"

"ನೀವು ನೌಕರಿ ಯಾಕ ಬಿಟ್ರಿ?"

"ನೀವ ಅಂದ್ರಲ್ರಿ. ಸಿಗರೇಟು ಮಾರವರು ಅಂತ."

"ನೌಕರಿ ಬಿಡ್ರಿ ಅಂದೆನೇನು?" ಅವಳಿಗೂ ಸೀನು ಬಂತು. "ಮಂದಿ ಮಾತಾಡ್ತಾರ ಅಂದೆ. ಬರಬ್ಯಾಡ್ರಿ ಅಂದೆ."

"ಅದಕ್ಕ ಬರಲಿಲ್ಲ."

"ನಾ ಅಂದೆ ಅಂತ ನೀವು ಕೇಳಬೇಕಿತ್ತೇನು?"

ಅನಂತ ಮೂಗಿನ ವಸ್ತ್ರ ಕೆಳಗೆಳೆದ. ಅವನ ಮುಖದ ಮೇಲಿನ ಗೊಂದಲ ನಿಚ್ಚಳವಾಗಿತ್ತು. "ಕೇಳಬಾರದು ಅಂದ್ರ ಯಾಕ ಹೇಳಿದ್ರಿ?"

"ಗೊತ್ತಿಲ್ಲ!" ಎಂದಳು ಮನೋರಮಾ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನ ಕಣ್ಣಿಂದಲೂ ಇಳಿಯುತ್ತಿತ್ತು. ಮೆಣಸಿನಕಾಯಿಯ ನಡುವೆ ಯಾರು ಅಳುತ್ತಿದ್ದಾರೆ, ಯಾರು ಇಲ್ಲ ಎಂದು ಹೇಳುವುದು ಕಷ್ಟ. "ನನಗ ಒಂದ ಮಾತು ಹೇಳ್ರಿ. ನಿಮಗ ಆಟ ಗೊತ್ತಿಲ್ಲ. ಸಿಗರೇಟು ನೀವೂ ಸೇದೂದಿಲ್ಲ. ಕಾರ್ಡ್ ಯಾಕ ಕೂಡಿಸಿದ್ರಿ? ಗಿರಾಕಿ ಅಂತ ಹೇಳಬ್ಯಾಡ್ರಿ."

ಅವನು ತೂಕದ ಕಲ್ಲನ್ನು ತಕ್ಕಡಿಯಲ್ಲಿಟ್ಟ. ಒಂದು ತಟ್ಟೆ ದಡಕ್ಕನೆ ಕೆಳಗಿಳಿಯಿತು.

"ನನ್ನ ಸರದಿ ಹಾನಗಲ್ಲಿಗೆ ತಿಂಗಳ ಕೊನೀಗೆ ಬರ್ತಿತ್ತು. ಆ ಮೊದಲ ದಿನ ಒಂದು ಬಿಟ್ರ, ಅಷ್ಟೊತ್ತಿಗೆ ನಿಮ್ಮ ಎಂಟಾಣೆ ಮುಗದಿರ್ತಿತ್ತು. ಎಂಟಾಣೆ ಮುಗೀತು ಅಂದ್ರ ನೀವು ಆ ಬೀದಿಗೇ ಬರ್ತಿರಲಿಲ್ಲ. ಗೆರಿ ದಾಟಸೂದು ನನಗ ಆಗೂದಿಲ್ಲ, ದಾಟಸಬಾರದು ಅಂತನೂ ಅನಸ್ತಿತ್ತು. ರೊಕ್ಕ ಇಲ್ಲದ ದಿನಾನೂ ನೀವು ಕಟ್ಟೀಗೆ ಬರೂಹಂಗ ಏನರೆ ಮಾಡಬೇಕಿತ್ತು." ಅವನು ಉಸಿರು ತೆಗೆದುಕೊಂಡ. "ನಾಕೂ ಊರಿನ ಅಂಗಡಿ ಅಂಗಡಿ ತಿರುಗಿ ಕಾರ್ಡ್ ಹುಡುಕ್ತಿದ್ದೆ. ಬಾತ ಕೈಯವ, ದಪ್ಪ ಕಾಲಿನವ, ಯಾರಾದ್ರೂ ಸರಿ. ನಿಮ್ಮ ಹತ್ರ ಇಲ್ಲದವ ಒಬ್ಬವ ಸಿಕ್ರ ಸಾಕಿತ್ತು."

ಅಂಗಳದಲ್ಲಿ ಹಮಾಲರು ಚೀಲ ಹೊಲಿಯುತ್ತಿದ್ದರು. ಮನೋರಮಾಳಿಗೆ ಅಷ್ಟು ತಿಂಗಳುಗಳ ಗೊಂದಲವೆಲ್ಲ ಒಮ್ಮೆಲೇ ಸರಿದು, ಅದರ ಜಾಗದಲ್ಲಿ ಇನ್ನೂ ದೊಡ್ಡ ಗೊಂದಲ ಬಂದು ನಿಂತಿತು. ಇಷ್ಟು ಸಂತೋಷವಾದಾಗ ಮನುಷ್ಯರು ಏನು ಮಾಡುತ್ತಾರೆ? ಅವಳು ಅವಲಕ್ಕಿಯ ಗಂಟನ್ನು ಅವನ ಕೈಗೆ ಕೊಟ್ಟಳು.

"ಮಾವಶಿ ನನ್ನ ಕೂಡ ಇರ್ತಾಳ," ಎಂದಳು. "ನಾ ಕಲಸೂದು ಬಿಡೂದಿಲ್ಲ."

ಅವನು ಗಂಟನ್ನೂ ಅವಳನ್ನೂ ನೋಡಿದ. ಅವಳು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾಳೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ನಾ ಇನ್ನೂ ಕೇಳೇ ಇಲ್ಲಲ್ರಿ."

"ಹಂಗಾರ ಕೇಳ್ರಿ. ನನ್ನ ಮೋಟಾರಿಗೆ ಹೊತ್ತಾಗ್ತದ."

ಅವನು ಕೇಳಿದ. ನಡುವೆ ಸೀನು ಬಂದದ್ದರಿಂದ ಎರಡು ಸಲ ಕೇಳಬೇಕಾಯಿತು. ಅವಳು ಎರಡು ಸಲವೂ ಹೂಂ ಎಂದಳು.

"ಒಂದ ತೊಡಕದ," ಎಂದ ಆಮೇಲೆ. "ಸವಣೂರಾಗ ನಮ್ಮ ಅಪ್ಪ ಶಾಸ್ತ್ರಪಾಠ ಹೇಳ್ತಾರ. ನಾ ಸಿಗರೇಟು ಮಾರಲಿಕ್ಕೆ ಹೋದಾಗಿಂದ ನನ್ನ ಕೂಡ ಮಾತಿಲ್ಲ. ನೌಕರಿ ಬಿಟ್ಟ ಮ್ಯಾಲೂ ಇಲ್ಲ. ನಿಮ್ಮ ಸುದ್ದಿ ನಮ್ಮವ್ವನ ಕಡಿಂದ ಹೇಳಸ್ತೇನಿ. ಹೂಂ ಅಂತಾರೋ ಏನೋ."

ಅನಂತನ ಅಪ್ಪ ನರಸಿಂಹಾಚಾರ್ಯರು ಹೂಂ ಎನ್ನಲಿಲ್ಲ. ಹುಡುಗಿಯನ್ನು ನೋಡುತ್ತೇನೆ ಎಂದರಂತೆ, ಅಷ್ಟೇ. ಒಂದು ರವಿವಾರ ಉದ್ದ ಕೋಲು ಊರುತ್ತ ಹಾನಗಲ್ಲಿನ ಮನೆಗೆ ಬಂದರು. ಮಗ ನಾಲ್ಕು ಮಾರು ಹಿಂದೆ. ಇಬ್ಬರೂ ಒಂದೇ ಮೋಟಾರಿನಲ್ಲಿ ಬಂದಿದ್ದರು, ಒಂದು ಮಾತೂ ಆಡದೆ.

ಕೃಷ್ಣಾಬಾಯಿ ಕಾರ್ಡಿನ ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಪಂಚಾಂಗದ ಹಿಂದೆ ಬಚ್ಚಿಟ್ಟಿದ್ದಳು. ಆಚಾರ್ಯರು ಕೂತವರೇ ಹುಡುಗಿಯ ನಕ್ಷತ್ರ ನೋಡಲು ಪಂಚಾಂಗ ಕೇಳಿದರು. ಅದನ್ನು ಎಳೆಯುವಾಗ ಡಬ್ಬಿ ಬಿದ್ದು, ಬಿಳಿ ಬಟ್ಟೆಯ ನಲವತ್ಮೂರು ಜನ ನೆಲದ ತುಂಬ ಹರಡಿದರು.

ಸಿಗರೇಟಿನ ಪಾಕೀಟಿನಿಂದ ಬಂದವು ಎಂದು ಪ್ರತಿ ಕಾರ್ಡಿನ ಹಿಂದೆಯೂ ದೊಡ್ಡದಾಗಿ ಅಚ್ಚಾಗಿತ್ತು. ಆಚಾರ್ಯರು ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು.

"ಇಂವಾ ಯಾಕ ಕಾಲಿಗೆ ಹಾಸಿಗಿ ಕಟ್ಟಿಕೊಂಡಾನ?"

ಮನೋರಮಾ ತಲೆ ತಗ್ಗಿಸಿಯೇ ಹೇಳಿದಳು. ಚೆಂಡಿನ ಪೆಟ್ಟಿಗೆ. ಹಿಂದಿನ ಮೂರು ಗೂಟಗಳನ್ನು ಕಾಯಬೇಕು. ಗೂಟಕ್ಕೆ ಬಡಿದರೆ ಔಟ್. ಗೂಟಕ್ಕೆ ಬಡಿಯಲಿದ್ದ ಚೆಂಡಿಗೆ ಕಾಲು ಅಡ್ಡ ಬಂದರೂ ಔಟ್.

"ನಿಲ್ಲು." ಆಚಾರ್ಯರ ಹುಬ್ಬು ಮೇಲೇರಿತು. "ಚೆಂಡು ಗೂಟಕ್ಕ ಬಡದೇ ಇಲ್ಲ. ಬಡೀತಿತ್ತು ಅಂತ ಬರೇ ಅನುಮಾನ. ಅನುಮಾನದ ಮ್ಯಾಲೆ ಹೊರಗ ಹಾಕೂದು ಯಾವ ನ್ಯಾಯ?"

"ಹೊಗಿ ಕಂಡ್ರ ಬೆಂಕಿ ಅದ ಅಂತ ನೀವು ಪಾಠದಾಗ ಹೇಳ್ತೀರಲ್ರಿ," ಎಂದಳು ಅವಳು. "ಬೆಂಕೀನ ಯಾರು ನೋಡ್ಯಾರ? ಅದೂ ಅನುಮಾನನ, ಆದ್ರೂ ಶಾಸ್ತ್ರ ಒಪ್ಪತದ."

ಹೊಗೆ ಎಂಬ ಮಾತಿಗೆ ಎಲ್ಲರ ಕಣ್ಣೂ ಒಮ್ಮೆ ಅನಂತನ ಕಡೆ ಹೋಗಿ ಬಂದವು. ಅವನು ಒರಗಿ ನಿಂತಿದ್ದ ಕಂಬಕ್ಕೆ ಇನ್ನಷ್ಟು ಒತ್ತಿಕೊಂಡ.

ಆದರೆ ಆಚಾರ್ಯರು ಆಗಲೇ ಎದ್ದು ನಿಂತಿದ್ದರು. ಬಾಯಿಮಾತಿನಿಂದ ಒಪ್ಪುವ ಮನುಷ್ಯರಲ್ಲ ಅವರು. ಅಂಗಳಕ್ಕೆ ಇಳಿದು, ತುಳಸಿಕಟ್ಟೆಯಿಂದ ದೂರದಲ್ಲಿ, ಗೋಡೆಗೆ ಬೆನ್ನುಮಾಡಿ, ಕೋಲನ್ನು ಮುಂದೆ ಹಿಡಿದು ನಿಂತರು. "ತೋರಸು."

ಮನೋರಮಾ ಗೋಡೆಯ ಮೇಲೆ ಇದ್ದಲಿಯಿಂದ ಮೂರು ಗೆರೆ ಎಳೆದಳು. ಒಳಗಿಂದ ಒಂದು ನಿಂಬೆಹಣ್ಣು ತಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೃಷ್ಣಾಬಾಯಿ ಬ್ಯಾಡ ಬ್ಯಾಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ನಿಂಬೆಹಣ್ಣು ನೆಲಕ್ಕೆ ಬಿದ್ದು, ಪುಟಿದು, ಕೋಲಿನ ಪಕ್ಕದಿಂದ ನುಸುಳಿ, 'ಟಪ್' ಎಂದು ಆಚಾರ್ಯರ ಕಾಲಿಗೆ ಬಡಿಯಿತು.

"ಔಟ್!" ಎಂದು ಮನೋರಮಾ ಕೂಗಿದಳು, ಕೈ ಎತ್ತಿ.

ಕೂಗಿದ ಮೇಲೆ ತಾನು ಯಾರಿಗೆ ಕೂಗಿದೆನೆಂದು ಅರಿವಾಯಿತು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಕೃಷ್ಣಾಬಾಯಿ ಕಣ್ಣು ಮುಚ್ಚಿಕೊಂಡಳು.

ಆಚಾರ್ಯರು ಕಾಲು ನೋಡಿಕೊಂಡರು. ಹಿಂದೆ ತಿರುಗಿ ಗೋಡೆಯ ಗೆರೆ ನೋಡಿದರು. ಚೆಂಡು ಬಂದ ದಾರಿಯನ್ನು ಕೋಲಿನಿಂದ ಅಳೆದರು. ಮನಸ್ಸಿನಲ್ಲೇ ಯಾರ ಕೂಡಲೋ ವಾದ ಮಾಡುತ್ತಿದ್ದವರಂತೆ ತುಟಿ ಅಲ್ಲಾಡಿಸಿದರು.

"ಹೌದು," ಎಂದರು ಕೊನೆಗೆ. "ಔಟ್."

ಆಮೇಲೆ ಕಂಬದ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, "ಅನಂತಾ, ಅಲ್ಲೇನು ನಿಂತಿ? ಈ ಕೋಲು ಹಿಡಿ. ನಾ ಇವರ ಕೂಡ ತಿಥಿ ನೋಡಬೇಕು," ಎಂದರು. ಮಾವಶಿಯನ್ನು ಕರೆದುಕೊಂಡು, ಪಂಚಾಂಗದ ಪುಟ ತಿರುವುತ್ತ ಒಳಗೆ ನಡೆದರು.

ಅನಂತ ಕೋಲು ಹಿಡಿದು ನಿಂತ. ಅಪ್ಪ ತನ್ನ ಹೆಸರು ಹಿಡಿದು ಕರೆದರೇ, ನಿಜವಾಗಿ ಕರೆದರೇ ಎಂದು ಇನ್ನೂ ಬಾಗಿಲ ಕಡೆಯೇ ನೋಡುತ್ತಿದ್ದ. ಮನೋರಮಾ ಉರುಳಿಹೋದ ನಿಂಬೆಹಣ್ಣನ್ನು ಎತ್ತಿಕೊಂಡು ಒರೆಸಿದಳು.

"ಏನಾತು ಈಗ?" ಎಂದ ಅವನು ತಗ್ಗಿದ ದನಿಯಲ್ಲಿ. "ಅಪ್ಪ ಸೋತ್ರೋ, ಗೆದ್ರೋ?"

"ಔಟ್ ಆದ್ರು."

"ಅಂದ್ರ ಒಪ್ಪಿದ್ರೇನು?"

ಅವಳಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ವೈಶಾಖ ಮಾಸ, ಶುದ್ಧ ಪಂಚಮಿ ಎಂಬ ಮಾತು ಕೇಳಿಬರುತ್ತಿತ್ತು. ಅವನು ಅದನ್ನು ಕೇಳಿದ. ಅರ್ಥವಾಯಿತು. ಕಿವಿಗಳಷ್ಟೇ ಅಲ್ಲ, ಈ ಸಲ ಮುಖವೆಲ್ಲ ಕೆಂಪಗಾಯಿತು. ಮಾಡುವುದೇನೆಂದು ತಿಳಿಯದೆ ಹೋಗಿ ಇದ್ದಲಿ ಗೆರೆಗಳ ಮುಂದೆ ನಿಂತ. ಕೋಲನ್ನು ತಲೆಕೆಳಗೆ ಹಿಡಿದಿದ್ದ. ಗೂಟಗಳನ್ನು ಕಾಯುವುದಕ್ಕೆ ಬದಲು ಎರಡೂ ಕಾಲನ್ನು ಅವುಗಳ ಮುಂದೆಯೇ ಜೋಡಿಸಿಟ್ಟಿದ್ದ.

"ಹಿಂಗ ನಿಂತ್ರ ಸರಿ ಏನ್ರಿ?"

"ಪೂರಾ ತಪ್ಪು," ಎಂದಳು ಮನೋರಮಾ. ನಿಂಬೆಹಣ್ಣು ಹಿಡಿದ ಕೈ ಎತ್ತಿದಳು. "ಹಂಗ ನಿಲ್ರಿ. ಸರೀಬ್ಯಾಡ್ರಿ."